ಬಳೆ, ಸರಪಳಿ, ಪೂಜೆ: ಫಿಲಿಪೀನ್ಸ್‌ನ ರಾಜಕೀಯ ರಂಗಭೂಮಿ

ಫಿಲಿಪೀನ್ಸ್‌ನ ರಾಜಕೀಯ ರಂಗಭೂಮಿ ತನ್ನ ಆಯುಧಗಳನ್ನು ಪಡೆದದ್ದು ಆಳಿದವರಿಂದಲೇ. ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದ ಸ್ಪೇನ್ ಅಲ್ಲಿ ಮೂರು ಬಗೆಯ ಆಟಗಳನ್ನು ಬಿಟ್ಟುಹೋಯಿತು. ಪವಿತ್ರವಾರದಲ್ಲಿ ಕ್ರಿಸ್ತನ ಯಾತನೆಯನ್ನು ಆಡಿ ತೋರಿಸುವ ಸಿನಾಕುಲೊ ಒಂದು; ಕ್ರೈಸ್ತ ರಾಜರು ಮುಸ್ಲಿಂ ‘ಮೊರೊ’ಗಳನ್ನು ಗೆಲ್ಲುವ ಕೊಮೆದ್ಯ ಇನ್ನೊಂದು; ಹಾಡು-ಮಾತು ಬೆರೆತ ಸರ್ಸುವೆಲ, ತಡವಾಗಿ ಬಂದದ್ದು, ಮತ್ತೊಂದು. ಮೊದಲೆರಡು ಭಕ್ತಿಯ ಜತೆಗೆ ವಿಧೇಯತೆಯನ್ನೂ ಕಲಿಸುತ್ತಿದ್ದವು. ಮುಂದೆ ಬಂದ ಬಂಡಾಯದ ನಾಟಕಕಾರರು ಈ ಪಾತ್ರೆಗಳನ್ನು ಒಡೆಯಲಿಲ್ಲ, ಒಳಗಿದ್ದುದನ್ನು ಬದಲಿಸಿದರು.

1898ರಲ್ಲಿ ಸ್ಪೇನ್ ಹೋಗಿ ಅಮೆರಿಕ ಬಂತು. 1901ರ ರಾಜದ್ರೋಹ ಕಾಯಿದೆಯ ಪ್ರಕಾರ, ದಂಗೆ ನಡೆಯುತ್ತಿರುವಷ್ಟು ಕಾಲ ಸ್ವಾತಂತ್ರ್ಯ ಬೇಕೆಂದು ಶಾಂತವಾಗಿ ಹೇಳುವುದೂ ಅಪರಾಧ. ಭಾಷಣ ಮಾಡುವಂತಿಲ್ಲದಾಗ ಮಾತು ರಂಗಕ್ಕೆ ಬಂತು. ಹುವಾನ್ ಅಬಾದ್‌ನ ‘ತನಿಕಲಂಗ್ ಗಿಂತೊ’ (1902) ಎಂದರೆ ಚಿನ್ನದ ಸರಪಳಿ. ಅದರಲ್ಲಿ ಮಾಯಿಂಬೊತ್ ಎಂಬಾತ ಲಿವಾನಗ್ ಎಂಬ ಹುಡುಗಿಗೆ ಚಿನ್ನದ ಬಳೆ ತೊಡಿಸುತ್ತಾನೆ; ಆ ಬಳೆಯೇ ಸರಪಳಿಯಾಗುತ್ತದೆ. ತಗಾಲೊಗ್ ಭಾಷೆಯಲ್ಲಿ ಅವನ ಹೆಸರಿಗೆ ದುರಾಸೆಯವನೆಂದು ಅರ್ಥ, ಅವಳ ಹೆಸರಿಗೆ ಬೆಳಕು. ಬಳೆ ಕೊಟ್ಟವರು ಯಾರೆಂದು ಮನಿಲಾದ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಈ ಬಗೆಯ ನಾಟಕಗಳಲ್ಲಿ ಉಡುಪಿನ ಬಣ್ಣವೂ ಮಾತಾಡುತ್ತಿತ್ತು: ನಟರು ಒಂದು ಕ್ರಮದಲ್ಲಿ ಒತ್ತಾಗಿ ನಿಂತರೆ ಕ್ರಾಂತಿಕಾರರ ಬಾವುಟ ಮೂಡುತ್ತಿತ್ತು, ಮರುಕ್ಷಣ ಚದುರಿದರೆ ಮಾಯ. ಹಸ್ತಪ್ರತಿಯಲ್ಲಿ ಇಲ್ಲದ್ದನ್ನು ಹಸ್ತಪ್ರತಿ ಓದಿ ಹಿಡಿಯುವುದು ಹೇಗೆ?

ಔರೆಲಿಯೊ ತೊಲೆಂತಿನೊ ಇಷ್ಟು ಜಾಣತನ ತೋರಲಿಲ್ಲ. 1903ರ ಮೇ 14ರಂದು ಮನಿಲಾದ ತೆಯಾತ್ರೊ ಲಿಬರ್ತಾದ್‌ನಲ್ಲಿ ಅವನ ‘ನಿನ್ನೆ, ಇಂದು, ನಾಳೆ’ ನಾಟಕ ನಡೆಯಿತು. ಅದರ ನಾಯಕಿ ಇನಂಗ್‌ಬಾಯನ್, ಅಂದರೆ ತಾಯ್ನಾಡು. ನಾಟಕಕಾರ ಜೈಲು ಸೇರಿದ. ಎರಡು ವರ್ಷದ ಸೆರೆ, 2,000 ಡಾಲರ್ ದಂಡ. 1906ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಇದೇ ಕಾಲದ ಸೆವೆರಿನೊ ರೇಯೆಸ್‌ನ ‘ವಾಲಂಗ್ ಸುಗಾತ್’ (1902) ಸರ್ಸುವೆಲದಲ್ಲಿ ಖಳರು ಸ್ಪ್ಯಾನಿಷ್ ಪಾದ್ರಿಗಳು. ಹೋದ ದೊರೆಯನ್ನು ಬಯ್ಯುವುದು ಇದ್ದ ದೊರೆಯನ್ನು ಬಯ್ಯುವಷ್ಟು ದುಬಾರಿಯಲ್ಲ.

ಧೈರ್ಯದ ಲೆಕ್ಕ ಒಂದು, ನಾಟಕದ ಲೆಕ್ಕ ಇನ್ನೊಂದು. ರಾಜದ್ರೋಹದ ನಾಟಕಗಳ ಪಾತ್ರಗಳಿಗೆ ಹೆಸರೇ ಸರ್ವಸ್ವ. ಅವಕ್ಕೆ ಒಳಮನಸ್ಸಿಲ್ಲ, ಅನುಮಾನವಿಲ್ಲ, ದೇಶದ್ರೋಹಿ ಮೊದಲ ಅಂಕದಿಂದಲೇ ದೇಶದ್ರೋಹಿ. ಕಾಲ ಸರಿದಂತೆ ಒಗಟು ತಣ್ಣಗಾಗುತ್ತದೆ, ಕೈಗೆ ಉಳಿಯುವುದು ತೀರಾ ತೆಳ್ಳನೆಯ ಕಥೆ.

ನಡುವಣ ದಶಕಗಳಲ್ಲಿ ಇಂಗ್ಲಿಷ್ ಶಾಲೆ ಕಾಲೇಜುಗಳ ರಂಗವನ್ನು ಆಳಿತು. 1967ರಲ್ಲಿ ಸೆಸಿಲ್ ಗಿದೋತೆ ಆರಂಭಿಸಿದ ‘ಪೇಟಾ’ ತಂಡ ದೇಶಭಾಷೆಗೆ ಮರಳಿತು. ಅದರ ರಂಗ ಇದ್ದದ್ದು ಸ್ಯಾಂಟಿಯಾಗೊ ಕೋಟೆಯ ಪಾಳುಗೋಡೆಗಳ ನಡುವೆ. ಕಾದಂಬರಿಕಾರ ಹೊಸೆ ರಿಸಾಲ್ 1896ರಲ್ಲಿ ಮರಣದಂಡನೆಗೆ ಮುನ್ನ ಸೆರೆಯಿದ್ದುದು ಅದೇ ಕೋಟೆಯಲ್ಲಿ. ‘ಪೇಟಾ’ ಆರಂಭವಾದ ಎರಡು ವರ್ಷದ ಬಳಿಕ, ಆಗಿನ ಅಧ್ಯಕ್ಷ ಮಾರ್ಕೋಸ್‌ರ ಪತ್ನಿ ಇಮೆಲ್ಡಾ ಸಮುದ್ರದಂಚಿನಲ್ಲಿ ಭವ್ಯ ಸಾಂಸ್ಕೃತಿಕ ಕೇಂದ್ರ ತೆರೆದರು. 1972ರಲ್ಲಿ ಸೇನಾ ಕಾನೂನು ಜಾರಿಯಾದ ಮೇಲೆ ಸರ್ಕಾರವೇ ಕಲೆಗೆ ಪೋಷಕ, ಸರ್ಕಾರವೇ ಕಾವಲುಗಾರ.

ಬೊನಿಫಾಸಿಯೊ ಇಲಗಾನ್‌ರ ‘ಪಗ್‌ಸಂಬಂಗ್ ಬಾಯನ್’ (1977) ಈ ಕಾಲದ ಮುಖ್ಯ ಕೃತಿ. ನಾಟಕದ ಉದ್ದಕ್ಕೂ ನಡೆಯುವುದು ಕ್ಯಾಥೊಲಿಕ್ ಬಲಿಪೂಜೆಯ ವಿಧಿ. ಆದರೆ ರೈತರು, ಕಾರ್ಮಿಕರು ತಮ್ಮ ಸಂಕಟಗಳನ್ನು ಹೊತ್ತು ಬಂದು ಪಾದ್ರಿಯನ್ನು ಪ್ರಶ್ನಿಸುತ್ತಾರೆ, ಕೊನೆಗೆ ಪಾದ್ರಿ ಅವರ ಪಕ್ಷ ಸೇರುತ್ತಾನೆ. ಪೂಜೆಯ ಕ್ರಮ ಬಾಯಿಪಾಠವಿದ್ದ ಪ್ರೇಕ್ಷಕರಿಗೆ ಎಲ್ಲಿ ಏನು ಬದಲಾಗಿದೆ ಎಂಬುದು ತಕ್ಷಣ ತಾಕುತ್ತಿತ್ತು. ನಿರ್ದೇಶಕ ಬೆನ್ ಸೆರ್ವಾಂತೆಸ್ ಬಂಧನಕ್ಕೊಳಗಾದರು. ಹಳೆಯ ರೂಪಕಗಳಿಗಿಂತ ಇದು ಗಟ್ಟಿ, ಏಕೆಂದರೆ ಇಲ್ಲಿ ರೂಪವೇ ವಾದ ಹೂಡುತ್ತದೆ. ಆದರೂ ಪಾದ್ರಿಯ ಮನಃಪರಿವರ್ತನೆ ಮೊದಲೇ ನಿಶ್ಚಯವಾದದ್ದು.

ಆ ಕೊರತೆ ನೀಗಿದ್ದು ಮಾಲೂ ಜೇಕಬ್‌ರ ‘ಹುವಾನ್ ತಂಬಾನ್’ (1979) ನಾಟಕದಲ್ಲಿ. ಜಿರಲೆ, ಹಲ್ಲಿ ತಿನ್ನುವ ಕೊಳೆಗೇರಿಯ ಹುಡುಗನೊಬ್ಬ. ಪ್ರಬಂಧಕ್ಕಾಗಿ ಅವನನ್ನು ಅಧ್ಯಯನ ಮಾಡಬಂದ ಸಮಾಜಕಾರ್ಯಕರ್ತೆ ಮರೀನಾ. ಹುಡುಗನಿಗೆ ಏನಾಗಿದೆ ಎಂದು ಆರಂಭವಾದ ಪ್ರಶ್ನೆ, ನೋಡುತ್ತ ಕುಳಿತವಳು ಯಾರ ಕಡೆ ಎಂಬಲ್ಲಿಗೆ ತಿರುಗುತ್ತದೆ. ಅನುಮಾನ ಪಾತ್ರದೊಳಕ್ಕೆ ಇಳಿದಿದೆ. ಇಡೀ ಪರಂಪರೆಯಲ್ಲಿ ಕಾಲಕ್ಕೆ ಮಾಸದೆ ನಿಲ್ಲುವ ಗುಣ ಇದರಲ್ಲೇ ಹೆಚ್ಚು.

1986ರಲ್ಲಿ ಮಾರ್ಕೋಸ್ ಪತನವಾಯಿತು. ಮರುವರ್ಷದ ಸಂವಿಧಾನ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಸ್ಪಷ್ಟವಾಗಿ ಬರೆದುಕೊಂಡಿತು. ಎದುರಾಳಿ ಒಬ್ಬನೇ ಆಗಿದ್ದಾಗ ಚುರುಕಾಗಿದ್ದ ರಂಗಭೂಮಿ, ಎದುರಾಳಿ ಚದುರಿದಾಗ ಕೆಲಕಾಲ ದಿಕ್ಕು ತಪ್ಪಿತು. ‘ಪೇಟಾ’ದ ‘ಗೇಮ್ ಆಫ್ ಟ್ರೋಲ್ಸ್’ (2017) ಹೊಸ ಎದುರಾಳಿಯನ್ನು ಗುರುತಿಸಿತು: ಸೇನಾ ಕಾನೂನಿನ ಕಾಲದ ನೆನಪನ್ನೇ ಅಳಿಸುವ ಅಂತರ್ಜಾಲದ ಕೂಲಿಗಳು.

ಧಾರ್ಮಿಕ ಭಾವನೆ ಕುರಿತ ಹಳೆಯ ಕಾನೂನೂ ಸತ್ತಿರಲಿಲ್ಲ. 2010ರಲ್ಲಿ ಕಲಾವಿದ ಕಾರ್ಲೋಸ್ ಸೆಲ್ದ್ರಾನ್, ಕುಟುಂಬ ಯೋಜನೆ ಮಸೂದೆಯನ್ನು ವಿರೋಧಿಸುತ್ತಿದ್ದ ಬಿಷಪ್‌ಗಳ ಎದುರು, ಮನಿಲಾದ ಪ್ರಧಾನ ಚರ್ಚಿನಲ್ಲಿ ರಿಸಾಲ್ ವೇಷ ತೊಟ್ಟು ಫಲಕ ಹಿಡಿದು ನಿಂತರು. ಫಲಕದಲ್ಲಿದ್ದುದು ಒಂದೇ ಪದ, ‘ದಾಮಾಸೊ’: ರಿಸಾಲ್‌ನ 1887ರ ಕಾದಂಬರಿಯ ದುಷ್ಟ ಪಾದ್ರಿಯ ಹೆಸರು. ಧಾರ್ಮಿಕ ಭಾವನೆಗೆ ಧಕ್ಕೆ ತಂದ ಅಪರಾಧಕ್ಕೆ ಕನಿಷ್ಠ 2 ತಿಂಗಳು 21 ದಿನ, ಗರಿಷ್ಠ 1 ವರ್ಷ 1 ತಿಂಗಳು 11 ದಿನಗಳ ಸೆರೆವಾಸ ವಿಧಿಸಲಾಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಾಯಂ ಮಾಡಿತು. ಮರುವರ್ಷ ಅವರು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು.