ಭಾಗೀರಥಿಯ ತವರು

ಕೊರಟಗೆರೆ ಸೀಮೆಯ ಗೊರವನಹಳ್ಳಿಯಂತಹ ಬಯಲುನಾಡಿನ ಊರುಗಳಲ್ಲಿ ಕೆರೆ ತುಂಬಿದರೆ ಅನ್ನ, ಬತ್ತಿದರೆ ಗುಳೆ. ಒಕ್ಕಲುಮನೆಯಲ್ಲಿ ಬೆಳೆಯುವ ಹುಡುಗಿ ಇದನ್ನು ಕೊಡ ಹೊರುವ ವಯಸ್ಸಿಗೇ ಅರಿಯುತ್ತಾಳೆ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ಉತ್ತರ ಕರ್ನಾಟಕದ್ದಾದರೂ ಇಲ್ಲಿಯವರಿಗೆ ಪರಕೀಯವೆನಿಸದಿರುವುದು ಅದರಿಂದಲೇ.

ಇದನ್ನು ತ್ಯಾಗದ ಸ್ತುತಿಯೆಂದು ಹೊಗಳುವುದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ಗೀತೆಯ ಜೀವವಿರುವುದು ಕೆರೆಯ ಮೆಟ್ಟಿಲಲ್ಲಲ್ಲ, ತವರಿನಲ್ಲಿ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ, ಬಲಿಗೆ ಗೊತ್ತಾದವಳು ಕಿರಿಯ ಸೊಸೆ ಭಾಗೀರಥಿ. ತವರಿಗೆ ಬಂದವಳು, ಅತ್ತೆಮಾವ ತನ್ನನ್ನು ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ತಂದೆ ಹೊಲಮನೆ ಕೊಡಿಸುತ್ತೇನೆನ್ನುತ್ತಾನೆ. ಅದಕ್ಕೆ ಬೆಂಕಿ ಹಚ್ಚು ಎನ್ನುತ್ತಾಳೆ ಮಗಳು. ಹೊಲದ ಬೆಲೆ ಬಲ್ಲ ಒಕ್ಕಲುಮಗಳ ಬಾಯಿಂದ ಇದಕ್ಕಿಂತ ಕಠೋರವಾದ ಆಪಾದನೆ ಬೇಕೆ? ನಿಜ ತಿಳಿದ ಗೆಳತಿಯೂ ಕೊಟ್ಟ ಹಾಗೆ ಇರಬೇಕೆಂದೇ ಬುದ್ಧಿ ಹೇಳುತ್ತಾಳೆ. ಗೀತೆ ಮುಗಿಯುವುದು ಕೆರೆಯ ಜಯಘೋಷದಿಂದಲ್ಲ. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುವುದರಿಂದ.

೨೦೦೫ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ. ಹೊಲವೇನೋ ಕಾಯಿದೆಯಲ್ಲಿ ದೊರೆಯಿತು. ಅವಳ ಮೌನ ಕೇಳುವ ಕಿವಿ ದೊರೆಯಿತೆ? ಹಾಡು ಇಂದಿಗೂ ನಮ್ಮನ್ನು ಕೇಳುತ್ತಿರುವುದು ಅದನ್ನೇ.