‘ಲವ್‌ಲೆಸ್’: ಪೆಡಲ್ಲಿನ ಕೀರ್ತಿ, ಕೈಯ ಕೃತಿ

1991ರ ನವೆಂಬರಿನಲ್ಲಿ ಲಂಡನ್ನಿನ ಕ್ರಿಯೇಷನ್ ರೆಕಾರ್ಡ್ಸ್ ಸಂಸ್ಥೆ ಹೊರತಂದ ‘ಲವ್‌ಲೆಸ್’ ಎಂಬ ಆಲ್ಬಮ್ಮನ್ನು ಕುರಿತು ಬರೆದವರ ಪೈಕಿ ಹೆಚ್ಚಿನವರು, ಸಂಗೀತವನ್ನು ಪ್ರೀತಿಸಿಯೇ ಬರೆದವರಾದರೂ, ಅದರ ಕೀರ್ತಿಯನ್ನು ಅದಕ್ಕೆ ಅರ್ಹವಲ್ಲದ ವಸ್ತುವಿಗೆ ಸಲ್ಲಿಸಿದ್ದಾರೆಂಬುದು ನನ್ನ ದೃಢವಾದ ಅಭಿಪ್ರಾಯ. ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಈ ಕೃತಿಯು ಗಿಟಾರ್ ಪೆಡಲುಗಳ, ಎಂದರೆ ವಾದಕನ ಪಾದದ ಬಳಿ ನೆಲದ ಮೇಲೆ ಸಾಲಾಗಿ ಕುಳಿತು, ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ವಿದ್ಯುತ್ಸಂಕೇತವನ್ನು ನಡುದಾರಿಯಲ್ಲಿ ಹಿಡಿದು ಅದರ ಗುಣವನ್ನು ಬದಲಿಸಿ ಕಳುಹಿಸುವ ಆ ಪುಟ್ಟ ಪೆಟ್ಟಿಗೆಗಳ, ಪರಮಸಿದ್ಧಿಯೆಂಬ ಮಾತು ಎಷ್ಟು ಸಲ ಆವರ್ತಿಸಲ್ಪಟ್ಟಿದೆಯೆಂದರೆ, ಅದನ್ನು ಯಾರೂ ಈಗ ಪರೀಕ್ಷಿಸುವ ಗೋಜಿಗೇ ಹೋಗುವುದಿಲ್ಲ. ಈ ಕೆಲವು ತಿಂಗಳುಗಳಿಂದ ಆ ಆಲ್ಬಮ್ಮಿನ ‘ಸೂನ್’, ‘ಸಮ್‌ಟೈಮ್ಸ್’, ‘ಟು ಹಿಯರ್ ನೋಸ್ ವೆನ್’ ಎಂಬ ಮೂರು ಹಾಡುಗಳೂ, ಅದಕ್ಕೆ ಮೂರು ವರ್ಷ ಹಿಂದಿನ ‘ಸ್ಲೋ’ ಎಂಬ ಕಿರುಹಾಡೂ ನನ್ನ ಸಂಜೆಗಳನ್ನು ಸಂಪೂರ್ಣವಾಗಿ ವಶಪಡಿಸಿಕೊಂಡಿವೆ. ಕೇಳಿದಷ್ಟೂ ಆ ಮಾತಿನಲ್ಲಿ ನನಗಿದ್ದ ನಂಬಿಕೆ ಕ್ಷೀಣಿಸುತ್ತ ಬಂದಿದೆ.

ಪೆಡಲುಗಳ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1962ರಲ್ಲಿ ಮೇಸ್ಟ್ರೊ ಫಜ್-ಟೋನ್ ಮಾರುಕಟ್ಟೆಗೆ ಬಂದದ್ದು, 1965ರಲ್ಲಿ ಕೀತ್ ರಿಚರ್ಡ್ಸ್ ಅದನ್ನು ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಮೊಳಗಿಸಿದ್ದು, ಅನಂತರ ಜಿಮಿ ಹೆಂಡ್ರಿಕ್ಸ್ ಕೈಯಲ್ಲಿ ಫಜ್, ಎಂದರೆ ಧ್ವನಿಯನ್ನು ಬೇಕೆಂದೇ ವಿಕೃತಗೊಳಿಸುವ ಪೆಡಲು, ಒಂದು ಭಾಷೆಯೇ ಆದದ್ದು, ಈ ಸಂಗೀತದಲ್ಲಿ ಆಸಕ್ತಿಯುಳ್ಳವರೆಲ್ಲರೂ ಬಲ್ಲ ಸಂಗತಿಗಳು. ಯಂತ್ರವೇ ರಚನೆಯ ಪಾಲುದಾರನಾದ ಸಂದರ್ಭವನ್ನು ಯಾರಾದರೂ ಕೇಳಿದರೆ, 1987ರ ‘ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಎಂಬ ಯೂಟೂ ತಂಡದ ಹಾಡನ್ನು ನಾನು ನಿಸ್ಸಂಕೋಚವಾಗಿ ತೋರಿಸುವೆನು. ಅಲ್ಲಿ ಎಡ್ಜ್ ಎಂಬ ವಾದಕರು ನುಡಿಸುವ ಪ್ರತಿಯೊಂದು ಸ್ವರಕ್ಕೂ ಡಿಲೇ ಯಂತ್ರವು ತಾಳಬದ್ಧವಾದ ಪ್ರತಿಧ್ವನಿಯನ್ನು ಹಿಂದಿರುಗಿಸುತ್ತದೆ. ಆ ಪ್ರತಿಧ್ವನಿಯನ್ನು ತೆಗೆದುಹಾಕಿದರೆ ಉಳಿಯುವುದು ಅರ್ಧ ಗೀತ ಮಾತ್ರ. ‘ಲವ್‌ಲೆಸ್’ನಲ್ಲಿ ಯಂತ್ರಕ್ಕೂ ರಚನೆಗೂ ಇರುವ ಸಂಬಂಧವಾದರೋ ಬೇರೆಯದು, ಮತ್ತು ನನ್ನ ದೃಷ್ಟಿಯಲ್ಲಿ ಇನ್ನೂ ಸೂಕ್ಷ್ಮವಾದದ್ದು.

ತಂಡದ ನಾಯಕರಾದ ಕೆವಿನ್ ಶೀಲ್ಡ್ಸ್ ಬಳಸಿದ್ದು ಮುಖ್ಯವಾಗಿ ಫೆಂಡರ್ ಕಂಪನಿಯ ಜಾಜ್‌ಮಾಸ್ಟರ್ ಮತ್ತು ಜಾಗ್ವಾರ್ ಗಿಟಾರುಗಳನ್ನು. 1958ರಲ್ಲಿ ಹೊರಬಂದ ಜಾಜ್‌ಮಾಸ್ಟರಿನ ಕುದುರೆ ಕೊಂಚ ಅಲುಗಾಡುವಂಥದು. ತಂತಿಗಳನ್ನು ಹಿಡಿದಿರುವ ಕೆಳಗಿನ ಲೋಹದ ಭಾಗಕ್ಕೆ ಸೇರಿದಂತೆ ಉದ್ದನೆಯದೊಂದು ಟ್ರೆಮೊಲೊ ಸರಳಿದೆ. ಅದನ್ನು ಒತ್ತಿದರೆ ಆರು ತಂತಿಗಳ ಬಿಗಿಯೂ ಒಮ್ಮೆಗೇ ಸಡಿಲಿ ಶ್ರುತಿ ಇಳಿಯುವುದು, ಬಿಟ್ಟರೆ ಮೇಲೇರಿ ಸ್ವಸ್ಥಾನವನ್ನು ಸೇರುವುದು. ಸಾಮಾನ್ಯ ವಾದಕರು ಒಂದು ಸ್ವರವನ್ನು ಮೀಟಿದ ಮೇಲೆ, ಅದರ ತುದಿಯನ್ನು ನಡುಗಿಸಲೆಂದು ಈ ಸರಳನ್ನು ಮುಟ್ಟುತ್ತಾರೆ. ಶೀಲ್ಡ್ಸ್ ಅವರಾದರೋ ಅದನ್ನು ಸಡಿಲಗೊಳಿಸಿ ಬಲಗೈಯಲ್ಲಿ ಹಿಡಿದುಕೊಂಡೇ ಅದೇ ಕೈಯಿಂದ ತಂತಿಗಳನ್ನು ಮೀಟಿದರು. ಆದುದರಿಂದ ಕೈ ಕೆಳಗಿಳಿದಾಗಲೆಲ್ಲ, ಮೇಲೇರಿದಾಗಲೆಲ್ಲ, ಶ್ರುತಿಯೂ ಅದರೊಡನೆಯೇ ತೂಗಿತು. ಆಘಾತವೂ ಜಾರೂ ಇಲ್ಲಿ ಒಂದೇ ಚಲನೆಯ ಎರಡು ಮುಖಗಳಾದವು. ಈ ಆಲ್ಬಮ್ಮಿನ ವ್ಯಾಕರಣವೆಲ್ಲವೂ ಈ ಒಂದು ಚಲನೆಯಲ್ಲಿ ಅಡಗಿದೆಯೆಂದು ನಾನು ಹೇಳುತ್ತೇನೆ. ಅದನ್ನು ಮಾಡುವುದಕ್ಕೆ ಯಾವ ಪೆಡಲೂ ಬೇಕಾಗಿಲ್ಲ.

‘ಟು ಹಿಯರ್ ನೋಸ್ ವೆನ್’ ಹಾಡನ್ನು ಕಿವಿಗೊಟ್ಟು ಕೇಳಿದವರಿಗೆ, ತಮ್ಮ ಕಾಲ ಕೆಳಗಿನ ನೆಲವೇ ಮೇಲಕ್ಕೂ ಕೆಳಕ್ಕೂ ಸರಿಯುತ್ತಿರುವಂತಹ ಒಂದು ಅನುಭವವಾಗುವುದು. ಕೇಳುವವರು ಅದನ್ನು ‘ಎಫೆಕ್ಟ್’ ಎಂದು ಕರೆದು ಮುಂದೆ ಹೋಗುವುದರಿಂದಲೇ ಅದರ ಕಾರಣವು ಮರೆಯಾಗಿ ಉಳಿದಿದೆ. ಕಾರಣವನ್ನು ಸ್ವಲ್ಪ ನಿಧಾನವಾಗಿ ಶೋಧಿಸೋಣ. ಸರಳನ್ನು ಒತ್ತಿದಾಗ ಆರು ತಂತಿಗಳೂ ಸಮಪ್ರಮಾಣದಲ್ಲಿ ಇಳಿಯುವುದಿಲ್ಲ. ಅವುಗಳ ದಪ್ಪವೂ ಬಿಗಿಯೂ ಬೇರೆ ಬೇರೆಯಾಗಿರುವುದರಿಂದ, ಅಷ್ಟೇ ಸಡಿಲಿಕೆಗೆ ಒಂದು ಹೆಚ್ಚು ಇಳಿದರೆ ಇನ್ನೊಂದು ಕಡಿಮೆ ಇಳಿಯುವುದು. ಉದಾಹರಣೆಗಾಗಿ, ಸಾಮಾನ್ಯ ಶ್ರುತಿಯಲ್ಲಿರುವ ಗಿಟಾರಿನ ಮೂರನೆಯ ತಂತಿಯಲ್ಲಿ ಸೆಕೆಂಡಿಗೆ 220 ಕಂಪನಗಳ ಸ್ವರವೂ, ತೆಳುವಾದ ಮೊದಲನೆಯ ತಂತಿಯಲ್ಲಿ ಸುಮಾರು 330 ಕಂಪನಗಳ ಸ್ವರವೂ ಕೂಡಿ ನುಡಿಯುತ್ತಿವೆಯೆಂದು ಇಟ್ಟುಕೊಳ್ಳೋಣ. ಈ ಎರಡು ಸ್ವರಗಳನ್ನು ಒಟ್ಟಾಗಿ ಫಜ್ಜಿನೊಳಗೆ ಹಾಯಿಸಿದರೆ, ಆ ವಿಕೃತಿಯಿಂದ ಅವುಗಳ ವ್ಯತ್ಯಾಸಕ್ಕೆ ಸಮನಾದ ಮೂರನೆಯದೊಂದು ಸ್ವರ, ಎಂದರೆ 110 ಕಂಪನಗಳ ಸ್ವರ, ಜನಿಸುವುದು. ಅದು 220ರ ಸ್ವರಕ್ಕೆ ಸರಿಯಾಗಿ ಒಂದು ಸ್ಥಾಯಿ ಕೆಳಗಿರುವುದರಿಂದ ಕಿವಿಗೆ ಭದ್ರವಾದ ಆಧಾರದಂತೆ ತೋರುವುದು. ಈಗ ಕೈ ಸರಳನ್ನು ಮೃದುವಾಗಿ ಒತ್ತಲಿ. ಮೂರನೆಯ ತಂತಿ 214ಕ್ಕೆ ಇಳಿದಾಗ ಮೊದಲನೆಯದು 327ರ ಆಸುಪಾಸಿಗೆ ಮಾತ್ರ ಇಳಿದಿರುವುದು. ಅವುಗಳ ವ್ಯತ್ಯಾಸವಾದರೋ 113. ಮೀಟಿದ ಎರಡು ಸ್ವರಗಳೂ ಇಳಿಯುತ್ತಿರುವ ಕ್ಷಣದಲ್ಲಿಯೇ, ಯಾರೂ ಮೀಟದ ಆ ಮೂರನೆಯ ಆಧಾರಸ್ವರವು ಏರುತ್ತಿದೆ! ಒಂದು ಜೋಡಿ ತಂತಿಗಳಲ್ಲಿಯೇ ಹೀಗಾದರೆ, ಆರು ತಂತಿಗಳ ಹದಿನೈದು ಜೋಡಿಗಳೂ ಪರಸ್ಪರ ವಿರುದ್ಧ ದಿಕ್ಕುಗಳಲ್ಲಿ ಎಳೆದಾಡುವಾಗ ಉಂಟಾಗುವ ನಾದವು, ತನ್ನೊಳಗೆ ತಾನೇ ಕುದಿಯುತ್ತಿರುವಂತೆ ಕೇಳಿಸುವುದರಲ್ಲಿ ಆಶ್ಚರ್ಯವೇನು?

ಫಜ್ಜಿನ ಪಾತ್ರವನ್ನು ನಾನು ಅಲ್ಲಗಳೆಯುತ್ತಿಲ್ಲವೆಂಬುದು ಇದರಿಂದ ಸ್ಪಷ್ಟವಾಗಬೇಕು. ಕೈ ಮಾಡಿದ ಸಣ್ಣ ಅಸಮತೆಯನ್ನು ಅದು ಹಿಗ್ಗಿಸಿ ತೋರಿಸುತ್ತದೆ. ಆದರೆ ಹಿಗ್ಗಿಸುವುದಕ್ಕೆ ಮೊದಲು ಅಸಮತೆಯೊಂದು ಇರಬೇಕು. ಸ್ಥಿರವಾದ ಸ್ವರಗುಚ್ಛವನ್ನು ಅದೇ ಫಜ್ಜಿಗೆ ಒಪ್ಪಿಸಿದರೆ ಹೊರಬರುವುದು ಸ್ಥಿರವಾದ ಗರ್ಜನೆಯಷ್ಟೆ. ನನ್ನ ಪರಿಚಯದ ಬೆಂಗಳೂರಿನ ತರುಣ ವಾದಕರು ಕೆಲವರು, ಈ ನಾದವನ್ನೇ ಕೊಡುವುದಾಗಿ ಜಾಹೀರಾತುಪಡಿಸಿದ ಪೆಡಲುಗಳನ್ನು ಬಹಳ ಬೆಲೆತೆತ್ತು ಕೊಂಡು, ಸರಳೇ ಇಲ್ಲದ ಗಿಟಾರುಗಳಿಗೆ ಜೋಡಿಸಿ, ನಿರಾಶರಾದುದನ್ನು ಕಂಡಾಗ ನನಗೆ ಮರುಕವಾಯಿತು. ದೋಷ ಅವರದಲ್ಲ, ಅವರಿಗೆ ದಾರಿ ತೋರಿಸಬೇಕಾಗಿದ್ದ ಬರಹಗಳದು.

ಇನ್ನೊಂದು ಸಾಧನ ‘ರಿವರ್ಸ್ ರಿವರ್ಬ್’. ಸಹಜವಾದ ಅನುರಣನವು ಆಘಾತದೊಡನೆ ಹುಟ್ಟಿ ಕ್ರಮೇಣ ಕ್ಷಯಿಸುವುದು. ಇದು ಅದಕ್ಕೆ ವಿಪರೀತವಾಗಿ, ಸಣ್ಣದಾಗಿ ಮೊದಲಾಗಿ ಉಬ್ಬುತ್ತ ಹೋಗಿ ಥಟ್ಟನೆ ನಿಲ್ಲುವುದು. ಮೂಲಧ್ವನಿಯನ್ನು ಹಿಂದಕ್ಕೆ ಸರಿಸಿ ಈ ಉಬ್ಬನ್ನಷ್ಟೇ ಕೇಳಿಸಿದರೆ, ಮೀಟಿನ ಚುಚ್ಚು ಕರಗಿ, ಸ್ವರವು ಯಾವಾಗ ಆರಂಭವಾಯಿತೆಂಬುದೇ ತಿಳಿಯದಂತಾಗುವುದು. ಶೀಲ್ಡ್ಸ್ ಇದಕ್ಕೆ ಅವಲಂಬಿಸಿದ್ದು ಯಮಾಹಾ ಎಸ್‌ಪಿಎಕ್ಸ್90 ಎಂಬ ಯಂತ್ರವನ್ನು. ಅದು ಸ್ಟುಡಿಯೋದ ಕಪಾಟಿನಲ್ಲಿ ತಿರುಪು ಬಿಗಿದು ನಿಲ್ಲಿಸುವ ಉಪಕರಣ. ಕಾಲಿನಿಂದ ತುಳಿಯುವ ಪೆಟ್ಟಿಗೆಯಲ್ಲ. ಕೋರಸ್, ಫ್ಲ್ಯಾಂಜರ್ ಮೊದಲಾದ, ಈ ಆಲ್ಬಮ್ಮಿನಲ್ಲಿ ಹೇರಳವಾಗಿವೆಯೆಂದು ಊಹಿಸಲ್ಪಡುವ ಪೆಡಲುಗಳನ್ನು ತಾವು ಬಳಸಲಿಲ್ಲವೆಂದೂ, ಕೇಳುವವರು ಎಣಿಸುವಷ್ಟು ಗಿಟಾರಿನ ಪದರಗಳು ಅಲ್ಲಿಲ್ಲವೆಂದೂ ಅವರು ಸಂದರ್ಶನಗಳಲ್ಲಿ ಹೇಳಿದ್ದುಂಟು. ಕರ್ತೃವಿನ ಸಾಕ್ಷ್ಯ ಇಷ್ಟು ಸ್ಪಷ್ಟವಾಗಿರುವಾಗ ಪುರಾಣ ಹೇಗೆ ಬೆಳೆಯಿತು?

ಅದಕ್ಕೆ ಇಬ್ಬಗೆಯ ಲೇಖಕರು ಹೊಣೆ. ಮೊದಲನೆಯವರು ಉಪಕರಣಗಳ ಪಟ್ಟಿಕಾರರು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಂಗೀತಪತ್ರಿಕೆಗಳು, ವೇದಿಕೆಯ ಮೇಲೆ ತಲೆತಗ್ಗಿಸಿ ತಮ್ಮ ಪೆಡಲುಗಳನ್ನೇ ನೋಡುತ್ತ ನುಡಿಸುತ್ತಿದ್ದ ತಂಡಗಳನ್ನು ಒಂದು ಗುಂಪಾಗಿ ಹಳಿದುವು. ಹಳಿವು ಮುಂದೆ ಬಿರುದಾಯಿತು. ಬಿರುದಿಗೆ ಆಧಾರವಾಗಿ ಶೀಲ್ಡ್ಸ್ ಅವರ ಕಚೇರಿಗಳ ವಿಶಾಲವಾದ ಪೆಡಲ್ ಹಲಗೆಗಳ ಛಾಯಾಚಿತ್ರಗಳು ದೊರೆತುವು. ಕಚೇರಿಯಲ್ಲಿ ಹಲವು ಪೆಡಲುಗಳು ಇದ್ದುವೆಂಬುದು ನಿಜ. ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಹದಗೊಳಿಸಿದ ನಾದಗಳನ್ನು ಒಂದೇ ಸಂಜೆಯಲ್ಲಿ, ಒಂದಾದ ಮೇಲೊಂದರಂತೆ, ಪುನಃ ಒದಗಿಸಬೇಕಾದವನಿಗೆ ಅವು ಅನಿವಾರ್ಯವೂ ಹೌದು. ಆದರೆ 1991ರ ಧ್ವನಿಮುದ್ರಣದ ರಹಸ್ಯವನ್ನು ಆಮೇಲಿನ ವೇದಿಕೆಯ ಛಾಯಾಚಿತ್ರದಿಂದ ಓದಹೊರಡುವುದು ವಿಮರ್ಶೆಯ ಕ್ರಮವಲ್ಲ. ಈ ಪಟ್ಟಿಕಾರರ ಬರಹವನ್ನು ಓದಿದವನಿಗೆ ಯಾವ ಪೆಟ್ಟಿಗೆಯ ಯಾವ ತಿರುಪು ಎಲ್ಲಿರಬೇಕೆಂಬುದು ತಿಳಿಯುವುದು. ಕೈ ಏನು ಮಾಡುತ್ತಿತ್ತೆಂಬುದು ತಿಳಿಯುವುದಿಲ್ಲ.

ಎರಡನೆಯವರು ಮಂಜಿನ ವಿಮರ್ಶಕರು. ಅವರಿಗೆ ‘ಲವ್‌ಲೆಸ್’ ಎಂದರೆ ಸ್ವಪ್ನ, ಮೋಡ, ಮೂರ್ಛೆ, ಗರ್ಭವಾಸ. ಇವರ ಮೇಲೆ ನನಗಿರುವ ಆಕ್ಷೇಪಣೆ ಇನ್ನೂ ತೀವ್ರವಾದದ್ದು. ಏಕೆಂದರೆ ಪಟ್ಟಿಕಾರರು ತಪ್ಪು ವಸ್ತುವನ್ನಾದರೂ ಗಮನವಿಟ್ಟು ನೋಡುತ್ತಾರೆ, ಇವರು ಯಾವುದನ್ನೂ ನೋಡುವುದಿಲ್ಲ. ಕೃತಿಯು ಅಸ್ಪಷ್ಟವೆಂದು ಅವರು ಹೇಳುವಾಗ, ತಮ್ಮ ಶ್ರವಣದ ಅಸ್ಪಷ್ಟತೆಯನ್ನು ಕೃತಿಯ ಮೇಲೆ ಆರೋಪಿಸುತ್ತಿದ್ದಾರೆ. ಮೇಲೆ ವಿವರಿಸಿದ ಸ್ವರಚಲನೆಯಲ್ಲಿ ಅಸ್ಪಷ್ಟವಾದದ್ದು ಏನೂ ಇಲ್ಲ. ಅದಕ್ಕೊಂದು ಲಯವಿದೆ, ದಿಕ್ಕಿದೆ, ಕೈಯ ಅಳತೆಯಿದೆ. ‘ಓನ್ಲಿ ಶ್ಯಾಲೋ’ ಹಾಡಿನ ಘೋರಘೋಷದ ಗಿಟಾರ್ ಭಾಗಕ್ಕಾಗಿ ಶೀಲ್ಡ್ಸ್, ಬೇರೆ ಬೇರೆ ವೇಗದಲ್ಲಿ ಕಂಪಿಸುವ ಎರಡು ಆಂಪ್ಲಿಫೈಯರುಗಳನ್ನು ಎದುರುಬದುರಾಗಿ ನಿಲ್ಲಿಸಿ ಅವುಗಳ ನಡುವೆ ಮೈಕ್ ಇಟ್ಟರು. ಇಂತಹ ವ್ಯವಸ್ಥೆಯನ್ನು ಮಾಡುವ ಮನಸ್ಸು ಮೂರ್ಛೆಯಲ್ಲಿದ್ದ ಮನಸ್ಸಲ್ಲ. ವರ್ಷಗಟ್ಟಲೆ ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದು, ಪ್ರಕಾಶಕರಾದ ಅಲನ್ ಮೆಗೀ ಅವರ ತಾಳ್ಮೆಯನ್ನು ಪರೀಕ್ಷಿಸಿ, ಒಂದೊಂದು ಧ್ವನಿಯನ್ನೂ ತಿದ್ದಿದ ಕಲಾವಿದನ ಕೃತಿಯನ್ನು ‘ಕನಸಿನಂತಿದೆ’ ಎಂದು ಹೊಗಳುವುದು ಅವನ ಶ್ರಮವನ್ನು ಕಾಣದ ಹೊಗಳಿಕೆ.

ವೀಣೆಯನ್ನು ಕೇಳಿ ಬೆಳೆದ ಕನ್ನಡ ಶ್ರೋತೃಗಳಿಗೆ ಈ ವಿಚಾರದಲ್ಲಿ ಒಂದು ಅನುಕೂಲವಿದೆ. ಮೀಟಿದ ಮೇಲೂ ಸ್ವರವು ಚಲಿಸುತ್ತಿರುವುದೆಂಬುದು ನಮಗೆ ಹೊಸದಲ್ಲ. ಮೈಸೂರು ಬಾನಿಯ ವೈಣಿಕರು ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ಗಮಕವನ್ನು ಮೂಡಿಸುವುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಹೋಲಿಕೆಯಿಂದ ವ್ಯತ್ಯಾಸವೇ ಹೆಚ್ಚು ಬೋಧಪ್ರದವಾದದ್ದು. ವೀಣೆಯಲ್ಲಿ ಶ್ರುತಿ ಸ್ಥಿರ, ರಾಗ ಚಲ. ಗಮಕಕ್ಕೆ ಅರ್ಥ ಬರುವುದೇ ಅಚಲವಾದ ಆ ಆಧಾರದಿಂದ. ‘ಟು ಹಿಯರ್ ನೋಸ್ ವೆನ್’ನಲ್ಲಿ ಮೇಲೆ ಕೊಳಲಿನಂತೆ ಕೇಳುವ ಸಣ್ಣ ರಾಗಖಂಡವೊಂದು ತನ್ನ ಸ್ಥಾನವನ್ನು ಬಿಡದೆ ಮತ್ತೆ ಮತ್ತೆ ಬರುತ್ತಿರುವುದು, ಸರಿದಾಡುವುದು ಅದಕ್ಕೆ ಆಧಾರವಾಗಬೇಕಾಗಿದ್ದ ಗಿಟಾರಿನ ಸ್ವರಗುಚ್ಛ. ಇಲ್ಲಿ ರಾಗ ಸ್ಥಿರ, ಶ್ರುತಿ ಚಲ. ನಮ್ಮ ಕಿವಿಯ ಅಭ್ಯಾಸವನ್ನು ಇಷ್ಟು ಮೂಲದಲ್ಲಿ ತಿರುಗಿಸಿ ನಿಲ್ಲಿಸಿದ, ಮತ್ತು ತಿರುಗಿಸಿಯೂ ಮಾಧುರ್ಯವನ್ನು ಕೆಡಿಸದ, ಇನ್ನೊಂದು ರಾಕ್ ಗೀತವನ್ನು ನಾನು ಕೇಳಿಲ್ಲ. ತಂಡದ ಗಾಯಕಿ ಬಿಲಿಂಡಾ ಬುಚರ್ ಅವರ ಮೃದುವಾದ ಕಂಠವು ಆ ಎರಡರ ನಡುವೆ ಮುಳುಗಿಯೂ ಮುಳುಗದೆ ಇರುವುದು ಅದರ ಔಚಿತ್ಯ.

ದೋಷಗಳು ಇಲ್ಲವೆಂದಲ್ಲ. ಕಂಠವು ಇಷ್ಟು ಹಿಂದೆ ಸರಿದಿರುವುದರಿಂದ ಸಾಹಿತ್ಯವು ಬಹುತೇಕ ನಷ್ಟವಾಗಿದೆ. ತಂಡದ ಡ್ರಮ್ ವಾದಕ ಕೋಲ್ಮ್ ಓ ಕೀಸೋಗ್ ಅವರ ಅಸ್ವಾಸ್ಥ್ಯದ ಕಾರಣದಿಂದ ಡ್ರಮ್ಮುಗಳನ್ನು ಬಹುಮಟ್ಟಿಗೆ ತುಣುಕುಗಳಿಂದ ಜೋಡಿಸಬೇಕಾಯಿತು. ಅವು ಹಲವೆಡೆ ಬಡವಾಗಿವೆ. ‘ವಾಟ್ ಯೂ ವಾಂಟ್’ ಹಾಡು ತಾನು ಹೇಳಬೇಕಾದದ್ದನ್ನು ಬೇಗನೆ ಹೇಳಿ ಮುಗಿಸಿ, ಆಮೇಲೂ ನಿಲ್ಲುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಕಚೇರಿಗಳಲ್ಲಿ ‘ಯೂ ಮೇಡ್ ಮಿ ರಿಯಲೈಸ್’ ಹಾಡಿನ ನಡುವೆ ಒಂದೇ ನಾದವನ್ನು ಬಹಳ ನಿಮಿಷಗಳವರೆಗೆ ಅಸಹನೀಯವಾದ ತಾರಕದಲ್ಲಿ ಹಿಡಿದು ನಿಲ್ಲಿಸುವ ಪ್ರಸಿದ್ಧ ಭಾಗವನ್ನು ನಾನು ಮೆಚ್ಚಲಾರೆ. 2008ರ ಕಚೇರಿಗಳಲ್ಲಿ ಶ್ರೋತೃಗಳಿಗೆ ಕಿವಿಬಿರಟೆಗಳನ್ನು ಹಂಚಬೇಕಾಯಿತು. ಪೆಡಲುಗಳು ನಿಜವಾಗಿ ಆಳುವ ಸ್ಥಳವೊಂದು ಈ ತಂಡದ ಸಂಗೀತದಲ್ಲಿ ಇದ್ದರೆ ಅದು ಆ ಭಾಗವೇ. ಕೈಗೆ ಅಲ್ಲಿ ಕೆಲಸವಿಲ್ಲ, ಸಂಗೀತಕ್ಕೂ ಇಲ್ಲ.

ಆದುದರಿಂದ ‘ಲವ್‌ಲೆಸ್’ ದೊಡ್ಡ ಕೃತಿ, ಆದರೆ ಪ್ರಚಾರದಲ್ಲಿರುವ ಕಾರಣಕ್ಕಾಗಿ ಅಲ್ಲವೆಂಬುದು ನನ್ನ ತೀರ್ಮಾನ. ಇದನ್ನು ಒಪ್ಪದವರು 1988ರ ‘ಯೂ ಮೇಡ್ ಮಿ ರಿಯಲೈಸ್’ ಎಂಬ ಇ.ಪಿ.ಯಲ್ಲಿರುವ ‘ಸ್ಲೋ’ ಹಾಡನ್ನು ಮೊದಲು ಕೇಳಲಿ. ದೀರ್ಘಕಾಲದ ಸ್ಟುಡಿಯೋವಾಸವಾಗಲಿ, ಪದರ ಪದರವಾದ ಶಬ್ದವಾಗಲಿ ಇಲ್ಲದ ಆ ಹಾಡಿನಲ್ಲಿ ಸರಳಿನ ಜಾರು ಬರಿಗಿವಿಗೇ ಎದ್ದು ಕೇಳಿಸುತ್ತದೆ. ಅನಂತರ ‘ಟು ಹಿಯರ್ ನೋಸ್ ವೆನ್’ಗೆ ಬರಲಿ. ಹೊಸ ಪೆಡಲಿಗೆ ಹಣ ಕೂಡಿಡುತ್ತಿರುವ ತರುಣ ವಾದಕರು, ಅದನ್ನು ಕೊಳ್ಳುವ ಮೊದಲು ಟ್ರೆಮೊಲೊ ಸರಳಿರುವ ಗಿಟಾರೊಂದನ್ನು ಯಾರಿಂದಲಾದರೂ ಎರವಲು ತಂದು, ಅದನ್ನು ಯಾವ ಪೆಟ್ಟಿಗೆಗೂ ಜೋಡಿಸದೆ ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟು, ಸರಳನ್ನು ಹಿಡಿದುಕೊಂಡೇ ಮೀಟುವುದನ್ನು ಅಭ್ಯಾಸ ಮಾಡಬೇಕೆಂದು ನನ್ನ ವಿನಂತಿ.