ಹೆಸರು ಹೇಳದವನ ಕಥೆ

ಫಿಲಿಪ್ ಮೆಡೋಸ್ ಟೇಲರನ ‘ಸೀತಾ’ (1872) ಕಾದಂಬರಿಗೆ 1857ರ ಬಂಡಾಯವೇ ವಸ್ತು. ಒಂದು ಕೊಲೆ, ಅದರ ವಿಚಾರಣೆ, ವೇಷ ಮರೆಸಿ ಊರೂರು ತಿರುಗುವ ಪಿತೂರಿಗಾರ, ಯಾರನ್ನು ನಂಬಬೇಕೆಂದು ತಿಳಿಯದ ಒಂದು ಜಿಲ್ಲೆ. ಪತ್ತೇದಾರಿ ಕಥೆಗೆ ಬೇಕಾದ ಸಾಮಗ್ರಿಯೆಲ್ಲ ಇದರಲ್ಲಿದೆ. ಆದರೆ ಹಳೆಯ ಹೈದರಾಬಾದ್ ಸಂಸ್ಥಾನದ ಕನ್ನಡಿಗರಿಗೆ, ಇಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು ಕಾಡುತ್ತದೆ.

ಆ ಕನ್ನಡಿಗರಲ್ಲಿ ಒಂದು ಭಾಗ ನಮ್ಮ ಹಾಗೆಯೇ ಗಡಿಯಾಚೆ ಉಳಿದವರು. ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಅವು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ತಾಂಡೂರಿನ ಕಾಗಿಣಾ ನದಿ ಮಳಖೇಡವನ್ನು ಹಾದು ಭೀಮೆಯನ್ನು ಕೂಡುತ್ತದೆ. ಆ ಭೀಮೆಗೂ ಕೃಷ್ಣೆಗೂ ನಡುವಿನ ಸುರಪುರ ಸಂಸ್ಥಾನವೇ ಟೇಲರನ ಕರ್ಮಭೂಮಿ. ಆದರೂ ಬಂಡಾಯದ ಕಾದಂಬರಿ ಬರೆಯುವಾಗ ಅವನು ಸುರಪುರವನ್ನು ಬಿಟ್ಟು, ದೂರದ ಉತ್ತರದಲ್ಲಿ ನೂರಪುರವೆಂಬ ಕಲ್ಪಿತ ಊರನ್ನು ಕಟ್ಟಿಕೊಂಡ.

ಕಥೆ ಹೀಗಿದೆ. ಅಕ್ಕಸಾಲಿಗರ ಮನೆಯ ಸೀತೆಯ ಗಂಡನನ್ನು ಅಜ್ರೇಲ್ ಪಾಂಡೆ ಎಂಬ ದರೋಡೆಕೋರನ ತಂಡ ಕೊಲ್ಲುತ್ತದೆ. ಸಿರಿಲ್ ಬ್ರ್ಯಾಂಡನ್ ಎಂಬ ಮ್ಯಾಜಿಸ್ಟ್ರೇಟನ ಎದುರು ಆಕೆ ಸಾಕ್ಷಿ ಹೇಳುತ್ತಾಳೆ. ಮುಂದೆ ಅವನನ್ನೇ ಮದುವೆಯಾಗುತ್ತಾಳೆ. ಬಂಡಾಯ ಏಳುತ್ತದೆ. ಗಂಡನಿಗೆ ಬಿದ್ದ ಈಟಿಯ ತಿವಿತವನ್ನು ತಾನು ತೆಗೆದುಕೊಂಡು ಸೀತೆ ಸಾಯುತ್ತಾಳೆ. ಬ್ರ್ಯಾಂಡನ್ ಆಮೇಲೆ ಗ್ರೇಸ್ ಎಂಬ ಇಂಗ್ಲಿಷ್ ಹೆಣ್ಣನ್ನು ಮದುವೆಯಾಗುತ್ತಾನೆ.

ಆ ಮದುವೆಯನ್ನು ಟೇಲರ್ ಗೌರವದಿಂದ ಬರೆದಿದ್ದಾನೆಂಬುದನ್ನು ಒಪ್ಪಬೇಕು. ಅವನ ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಈ ದೇಶದ ಮುಸ್ಲಿಂ ಮನೆತನದವಳು. ಎರಡು ಕಡೆಯ ನಂಟು ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾದಂಬರಿ ಸೋಲುವುದು ಪಾಂಡೆಯ ಚಿತ್ರಣದಲ್ಲಿ. ಬಂಡಾಯದ ಗುಪ್ತದೂತ ಇಲ್ಲಿ ಮೊದಲೇ ಕೊಲೆಗಡುಕ. ಹಾಗೆ ಮಾಡಿಬಿಟ್ಟರೆ ಅವನೇಕೆ ದಂಗೆ ಎದ್ದನೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ನಿಷ್ಠೆ ಎರಡಾಗಿ ಸೀಳುವ ನೋವೆಲ್ಲ ಸೀತೆಯೊಬ್ಬಳ ಪಾಲಿಗೆ ಬಂದಿದೆ. ಆಕೆಯನ್ನೂ ಲೇಖಕ ಸಾಯಿಸಿ ತೊಡಕು ಬಿಡಿಸಿಕೊಂಡಿದ್ದಾನೆ. ಇದು ಸುಲಭದ ದಾರಿ.

ಸುಲಭವಲ್ಲದ ಕಥೆ ಅವನ ಕೈಯಲ್ಲೇ ಇತ್ತು. 1841ರಲ್ಲಿ ಟೇಲರ್ ಸುರಪುರಕ್ಕೆ ಬಂದಾಗ ದೊರೆ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ಆ ಹುಡುಗ ಟೇಲರನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ. 1853ರಲ್ಲಿ ಅಧಿಕಾರ ಅವನ ಕೈಗೆ ಬಂತು. 1858ರ ಫೆಬ್ರವರಿಯಲ್ಲಿ ಅವನ ಬೇಡರ ಪಡೆ ಇಂಗ್ಲಿಷರ ಮೇಲೆ ಬಿತ್ತು. ಸೋತ ಮೇಲೆ ಅವನು ಹೈದರಾಬಾದಿಗೆ ಓಡಿದ. ಆದರೆ ನಿಜಾಮನ ದಿವಾನ ಸಾಲಾರ್ ಜಂಗ್ ಇಂಗ್ಲಿಷರ ಪಕ್ಷದಲ್ಲಿ ನಿಂತಿದ್ದ. 1857ರ ಜುಲೈಯಲ್ಲಿ ರೆಸಿಡೆನ್ಸಿಯ ಮೇಲೆ ದಾಳಿ ನಡೆಸಿದ ತುರ್ರೇಬಾಜ್ ಖಾನ್ ಆಗಲೇ ಸೆರೆಯಾಗಿದ್ದ. ಅಂಥ ಊರಿನಲ್ಲಿ ವೆಂಕಟಪ್ಪ ಸಿಕ್ಕಿಬಿದ್ದ.

ಸೆರೆಯಲ್ಲಿದ್ದವನನ್ನು ಟೇಲರ್ ಕಂಡ. ನಿನ್ನನ್ನು ಈ ದಾರಿಗೆ ಹಚ್ಚಿದವರು ಯಾರು ಎಂಬ ಪ್ರಶ್ನೆ ಬಂತು. ವೆಂಕಟಪ್ಪ ಹೆಸರು ಹೇಳಲಿಲ್ಲ, ಜೀವದಾನವನ್ನೂ ಬೇಡಲಿಲ್ಲ. ಮರಣದಂಡನೆ ಮೊದಲು ಜೀವಾವಧಿ ಗಡೀಪಾರಾಗಿ, ಆಮೇಲೆ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಕರೆದೊಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಸತ್ತ. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ನಿಷ್ಠೆಗೆ ಕೊಟ್ಟ ಉಡುಗೊರೆ ಅದು.

ಹೆಸರು ಕೇಳಿದವನೂ ಅಪ್ಪ ಎನಿಸಿಕೊಂಡವನೂ ಒಬ್ಬನೇ. ಇದಕ್ಕಿಂತ ದೊಡ್ಡ ಕಾದಂಬರಿ ಬೇರೆಲ್ಲಿದೆ? ಟೇಲರ್ ಅದನ್ನು ಕಾದಂಬರಿ ಮಾಡಲಿಲ್ಲ. ಅವನು ಸತ್ತ ಮರುವರ್ಷ, 1877ರಲ್ಲಿ, ಪ್ರಕಟವಾದ ಆತ್ಮಕಥೆಯ ಕೆಲವು ಪುಟಗಳಲ್ಲಿ ಮಾತ್ರ ಅದು ಉಳಿದಿದೆ.

ಇಲ್ಲಿ ಅವನ ಮೊದಲ ಕಾದಂಬರಿಯನ್ನು ನೆನೆಯಬೇಕು. ‘ಕನ್ಫೆಷನ್ಸ್ ಆಫ್ ಎ ಥಗ್’ (1839) ಅವನಿಗೆ ಹೆಸರು ತಂದ ಕೃತಿ. ಅದರ ನಿರೂಪಕ ಅಮೀರ್ ಅಲಿ ಮಾಫಿ ಸಾಕ್ಷಿ. ತನ್ನ ಜೊತೆಗಾರರ ಗುಟ್ಟನ್ನು ಸಾಹೇಬನ ಮುಂದೆ ಬಿಚ್ಚಿಟ್ಟು ಬದುಕಿದವನು. ಹೆಸರು ಹೇಳಿದವನಿಗೆ ಟೇಲರ್ ಮೂರು ಸಂಪುಟ ಕೊಟ್ಟ. ಹೇಳದವನಿಗೆ ಕೆಲವು ಪುಟ. ಇದನ್ನು ಬರಿಯ ಕಪಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಮೀರ್ ಅಲಿಯನ್ನು ಕೂರಿಸಿ ಕೇಳಿಸಿಕೊಳ್ಳುವಾಗ ಸಾಹೇಬನ ಕುರ್ಚಿ ಅಲುಗುವುದಿಲ್ಲ. ವೆಂಕಟಪ್ಪನ ಮೌನವನ್ನು ಕಾದಂಬರಿ ಮಾಡಬೇಕಾದರೆ ಆ ಕುರ್ಚಿಯಲ್ಲಿ ಕುಳಿತವನೂ ಪಾತ್ರವಾಗಬೇಕು, ಅವನ ನಿಷ್ಠೆಯೂ ವಿಚಾರಣೆಗೆ ಒಳಗಾಗಬೇಕು. ಆತ್ಮಕಥೆಯಲ್ಲಿ ದುಃಖಪಟ್ಟರೆ ಸಾಕು. ಕಾದಂಬರಿಯಲ್ಲಿ ಅಷ್ಟು ಸಾಲದು.

ನಮ್ಮ ಕಡೆಯ ಒಂದು ಮಾತು. 1837ರಲ್ಲಿ ಸುಳ್ಯ, ಪುತ್ತೂರುಗಳಿಂದ ಮಂಗಳೂರಿನವರೆಗೆ ಹಬ್ಬಿದ ಬಂಡಾಯವನ್ನು ಜನ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಕರೆದರು. ಕಾಟಕಾಯಿ ಎಂದರೆ ಸುಲಿಗೆ, ಉಪದ್ರವ. ನಾವು ಇಂದು ಸ್ವಾತಂತ್ರ್ಯ ಹೋರಾಟವೆಂದು ನೆನೆಯುವುದಕ್ಕೆ ಅಂದಿನವರು ಇಟ್ಟ ಹೆಸರು ಇದು. ಅಜ್ರೇಲ್ ಪಾಂಡೆಯನ್ನು ದರೋಡೆಕೋರನನ್ನಾಗಿ ಮಾಡಿದ್ದಕ್ಕೆ ಟೇಲರನನ್ನು ಬೈಯುವ ಮುನ್ನ ಈ ಪದವನ್ನೂ ಎದುರಿಗಿಟ್ಟುಕೊಳ್ಳಬೇಕು.

ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇನ್ನೊಂದು ನುಡಿ ಆಡುವವರನ್ನು ನೀವು ಯಾರ ಕಡೆ ಎಂದು ಕೇಳುವವರು ತಾಂಡೂರಿನಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅಂಥ ಮನೆಗಳ ಮಕ್ಕಳು ‘ಸೀತಾ’ ಓದುವುದಾದರೆ ಮೊದಲು ಆತ್ಮಕಥೆಯ ಸುರಪುರದ ಭಾಗ ಓದಲಿ. ಆಗ ನೂರಪುರದ ಮ್ಯಾಜಿಸ್ಟ್ರೇಟ್ ಕಚೇರಿಯಲ್ಲಿ ಸೀತೆ ನಿಂತು ಸಾಕ್ಷಿ ಹೇಳುವಾಗ, ಅದೇ ಜಾಗದಲ್ಲಿ ಬಾಯಿ ಮುಚ್ಚಿ ನಿಂತ ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗನೊಬ್ಬ ಕಣ್ಣಿಗೆ ಬೀಳುತ್ತಾನೆ.